ಹನ್ನೊಂದು ಅಕ್ಷರದ ಎರಡು ಕೋಡ್‌ಗಳು

ಎಲ್ಲರಿಗೂ ನಮಸ್ಕಾರ. ವಿದೇಶದಿಂದ ಹಣ ತರಿಸುವ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಲೈಬ್ರರಿಯವರು ಕರೆದರು. ಬದಿಯಡ್ಕದಲ್ಲಿ ಇದಕ್ಕೆ ಇಷ್ಟು ಜನ ಸೇರಿದ್ದು ಆಶ್ಚರ್ಯವೇನಲ್ಲ. ಗಲ್ಫಿಗೆ ಒಬ್ಬರೂ ಹೋಗದ ಮನೆಯನ್ನು ನಮ್ಮ ಕಡೆ ಹುಡುಕಬೇಕು.

ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಒಬ್ಬರು ಅಮ್ಮ ಕ್ಯಾಲೆಂಡರಿನ ಹರಿದ ಹಾಳೆ ಹಿಡಿದು ಬಂದರು. ಹಿಂದೆ ಪೆನ್ಸಿಲಿನಲ್ಲಿ ಹನ್ನೊಂದು ಅಕ್ಷರ. "ಮಗ ಅಮೆರಿಕದಿಂದ ಕೋಡ್ ಕೇಳ್ತಾ ಇದ್ದಾನೆ. ಇದು ಸರಿ ಉಂಟಾ ಸರ್?" ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಮಗ ಕೇಳಿದ ಕೋಡ್ ಅದಲ್ಲ.

ಪಾಸ್‌ಬುಕ್ಕಿನಲ್ಲಿರುವುದು ಐಎಫ್‌ಎಸ್‌ಸಿ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದ್ದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದ್ದು. ಆ ಸೊನ್ನೆಯನ್ನು 'ಓ' ಅಂತ ಫೋನಿನಲ್ಲಿ ಓದಿ ಹೇಳಿ, ಆಮೇಲೆ ಪರದಾಡಿದವರು ಇಲ್ಲೇ ಇರಬಹುದು! ಈ ಕೋಡ್ ನಡೆಯುವುದು ನಮ್ಮ ದೇಶದ ಒಳಗೆ ಮಾತ್ರ.

ಹೊರಗಿನ ಬ್ಯಾಂಕಿಗೆ ಬೇಕಾದದ್ದು ಸ್ವಿಫ್ಟ್ ಕೋಡ್. ಬಿಐಸಿ ಅಂದರೂ ಅದೇ. ಎಂಟು ಅಕ್ಷರ ಇರಬಹುದು, ಹನ್ನೊಂದೂ ಇರಬಹುದು. ಕೆನರಾ ಬ್ಯಾಂಕಿನದ್ದು ನೋಡಿ: ಸಿಎನ್‌ಆರ್‌ಬಿ, ಐಎನ್, ಬಿಬಿ. ಮೊದಲ ನಾಲ್ಕು ಬ್ಯಾಂಕು, ಆಮೇಲಿನ ಎರಡು ದೇಶ, ಮತ್ತೆರಡು ಊರು. ಕೊನೆಯ ಮೂರು ಇದ್ದರೆ ಶಾಖೆ. ಅಲ್ಲಿ ಮೂರು ಎಕ್ಸ್ ಇದ್ದರೆ ಮುಖ್ಯ ಕಚೇರಿ. ಕೆನರಾದ ಎರಡೂ ಕೋಡ್ ಒಂದೇ ನಾಲ್ಕು ಅಕ್ಷರದಿಂದ ಶುರು, ಎರಡೂ ಹನ್ನೊಂದು ಇರಬಹುದು. ಗೊಂದಲ ಆಗದೆ ಇರುತ್ತದಾ? ಐದನೇ ಜಾಗದಲ್ಲಿ ಸೊನ್ನೆ ಇದ್ದರೆ ಐಎಫ್‌ಎಸ್‌ಸಿ, ಅಲ್ಲಿಂದ 'ಐಎನ್' ಶುರುವಾದರೆ ಸ್ವಿಫ್ಟ್.

ಹಳ್ಳಿಯ ಶಾಖೆಗಳಿಗೆ ಸಾಮಾನ್ಯವಾಗಿ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ. ವಿದೇಶಿ ವಿನಿಮಯ ನೋಡುವ ಶಾಖೆಯ ಕೋಡ್ ಯಾವುದು ಅಂತ ನಿಮ್ಮ ಶಾಖೆಯಲ್ಲೇ ಕೇಳಿ. ಹಳೆಯ ಡೈರಿ ನಂಬಬೇಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬರೋಡಾ ಬ್ಯಾಂಕಿನಲ್ಲಿ ಸೇರಿತು, ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ. ಕೋಡ್‌ಗಳೂ ಬದಲಾದವು.

ಮಗ ದುಬೈಯ ಎಕ್ಸ್‌ಚೇಂಜ್ ಅಂಗಡಿಯಿಂದ ಕಳಿಸುವುದಾದರೆ ಕಥೆ ಬೇರೆ. ಆ ಅಂಗಡಿಗಳು ಇಲ್ಲಿನ ಬ್ಯಾಂಕುಗಳ ಜೊತೆ ರೂಪಾಯಿ ಖಾತೆ ಇಟ್ಟುಕೊಂಡಿರುತ್ತವೆ. ಅಲ್ಲಿಂದ ನೆಫ್ಟ್‌ನಲ್ಲಿ, ಅಂದರೆ ದೇಶದೊಳಗೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಹೋಗುವ ದಾರಿಯಲ್ಲಿ, ನಿಮಗೆ ಬರುತ್ತದೆ. ಅದಕ್ಕೆ ಅವರು ಕೇಳುವುದು ಐಎಫ್‌ಎಸ್‌ಸಿ. ಹಾಗಾಗಿ "ಕೋಡ್ ಕಳಿಸಿ" ಅಂದ ಕೂಡಲೇ ಕಳಿಸಬೇಡಿ. "ಬ್ಯಾಂಕಿನಿಂದಲೋ, ಎಕ್ಸ್‌ಚೇಂಜಿನಿಂದಲೋ?" ಅಂತ ಮೊದಲು ಕೇಳಿ.

ಇನ್ನು ಸ್ವಿಫ್ಟ್. 1973ರಲ್ಲಿ ಬೆಲ್ಜಿಯಂನಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ನಮ್ಮ ಸೊಸೈಟಿ ಇದ್ದ ಹಾಗೆ ಅಂದುಕೊಳ್ಳಿ, ಸದಸ್ಯರು ಮಾತ್ರ ಬ್ಯಾಂಕುಗಳು. ಅದು ಹಣ ಸಾಗಿಸುವುದಿಲ್ಲ, ಸಂದೇಶ ತಲುಪಿಸುತ್ತದೆ. ನಮ್ಮ ಬ್ಯಾಂಕಿಗೆ ನ್ಯೂಯಾರ್ಕಿನ ಯಾವುದೋ ಬ್ಯಾಂಕಿನಲ್ಲಿ ಡಾಲರ್ ಖಾತೆ ಇರುತ್ತದೆ. ಮಗನ ಡಾಲರ್ ಅಲ್ಲಿ ಜಮೆ ಆಗುತ್ತದೆ. "ಇಂಥವರ ಖಾತೆಗೆ ಕೊಡಿ" ಅಂತ ಸಂದೇಶ ಇಲ್ಲಿಗೆ ಬರುತ್ತದೆ. ಇಲ್ಲಿ ರೂಪಾಯಿ ಲೆಕ್ಕ ಹಾಕಿ ನಿಮಗೆ ಕೊಡುತ್ತಾರೆ.

ದಾರಿಯಲ್ಲಿ ಇನ್ನೊಂದು ಬ್ಯಾಂಕ್ ಸಿಕ್ಕಿದರೆ ಅದೂ ಚಾರ್ಜ್ ಹಿಡಿಯುತ್ತದೆ. ನನ್ನ ತಂಗಿಯ ಮಗ ಸಾವಿರ ಡಾಲರ್ ಕಳಿಸಿದ, ಇಲ್ಲಿಗೆ ತಲುಪಿದ್ದು 980. "ಅಣ್ಣ, ನಿಮ್ಮ ಬ್ಯಾಂಕಿನವರೇ ನುಂಗಿದ್ರಲ್ವಾ?" ಅಂದಳು ತಂಗಿ. ಎರಡು ದಿನ ನನ್ನ ಜೊತೆ ಮಾತೇ ಇಲ್ಲ ಮಾರಾಯ್ರೇ! ಕಳಿಸುವಾಗ ಚಾರ್ಜಿನ ಜಾಗದಲ್ಲಿ 'ಎಸ್‌ಎಚ್‌ಎ' ಅಂತಿದ್ದರೆ ಖರ್ಚು ಇಬ್ಬರ ಮೇಲೂ ಬೀಳುತ್ತದೆ. 'ಬಿಇಎನ್' ಆದರೆ ಪೂರ್ತಿ ಪಡೆಯುವವರ ತಲೆಗೆ. 'ಒಯುಆರ್' ಆರಿಸಿದರೆ ಕಳಿಸುವವನೇ ಭರಿಸುತ್ತಾನೆ. ಹೊರದೇಶದ ಕಾಲೇಜಿಗೆ ಫೀಸು ಕಟ್ಟುವವರು ಇದನ್ನು ನೋಡಿಯೇ ಕಳಿಸಿ. ಹತ್ತು ಡಾಲರ್ ಕಡಿಮೆ ಬಿದ್ದರೂ ಕಾಲೇಜಿನವರು ಬಾಕಿ ಅನ್ನುತ್ತಾರೆ.

ನಮ್ಮ ಊರಿಗೆ ಇನ್ನೊಂದು ವಿಶೇಷ ತೊಂದರೆ ಉಂಟು. ಪಾಸ್‌ಬುಕ್ಕಿನಲ್ಲಿ ಹೆಸರಿನ ಮೊದಲಿಗೆ ಬರೀ 'ಕೆ.' ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ 'ಕೆ.' ಉದ್ದದ ಮನೆ ಹೆಸರಾಗಿ ಕೊನೆಗೆ ಹೋಗಿ ಕೂತಿರುತ್ತದೆ. ಊರು ಮಂಜೇಶ್ವರವೋ ಮಂಜೇಶ್ವರಂ ಅಂತಲೋ, ಅದಕ್ಕೆ ಬ್ಯಾಂಕು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಸರು ಹೊಂದದಿದ್ದರೆ ಮಾತ್ರ ಹಣ ತಡೆದು ವಿಚಾರಿಸುತ್ತಾರೆ. ಖಾತೆಯಲ್ಲಿ ಹೇಗಿದೆಯೋ ಹಾಗೆಯೇ ಬರೆಸಿ.

ಹಣ ಬಾರದಿದ್ದರೆ ಕಳಿಸಿದವನಿಂದ ಸ್ವಿಫ್ಟ್ ಸಂದೇಶದ ಪ್ರತಿ (2025ರ ನವೆಂಬರ್ ತನಕ ಅದು ಎಂಟಿ 103 ಆಗಿತ್ತು) ಅಥವಾ ಯುಇಟಿಆರ್ ನಂಬರ್ ತರಿಸಿ. ಯುಇಟಿಆರ್ ಅಂದರೆ ಆ ಪಾವತಿಯ 36 ಅಕ್ಷರದ ನಂಬರ್, ಹಣ ಎಲ್ಲಿ ನಿಂತಿದೆ ಅಂತ ಅದರಿಂದ ಹುಡುಕಬಹುದು. ಸುಮ್ನೆ ಕೌಂಟರಿನವನಿಗೆ ಬೈದು ಪ್ರಯೋಜನ ಇಲ್ಲ.

ಪಾಸ್‌ಬುಕ್ ತಂದವರು ಮುಂದೆ ಬನ್ನಿ. ಸೊನ್ನೆ ಎಲ್ಲಿದೆ ಅಂತ ಒಟ್ಟಿಗೆ ನೋಡೋಣ.