ಕೆಸರಿನಲ್ಲಿ ನೆಟ್ಟ ಗರಿ

ನಮಸ್ಕಾರ. ಕರೆಯೋಲೆಯಲ್ಲಿ ‘ಕಡಲ ಲೇಖನಿ’ ಅಂತ ಅಚ್ಚಾಗಿದೆ. ಕವಿಗೋಷ್ಠಿ ಅಂದುಕೊಂಡು ಬಂದವರು ಇಬ್ಬರು ಮೂವರಾದರೂ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಕೂತಿರಿ, ಆಮೇಲೆ ಚಹಾ ಇದೆ.

ಈ ಬಾಟಲಿಯಲ್ಲಿರುವುದು ಸೀ ಪೆನ್, ಒಂದು ಕಡಲ ಪ್ರಾಣಿ. ಹವಳದ ಸಂಬಂಧಿ. ಹಳೇ ಕಾಲದ ಗರಿ ಲೇಖನಿಯ ಹಾಗೆ ಕಾಣುತ್ತದೆ ಅಂತ ಆ ಹೆಸರು. ನಾನು ಮೊದಲು ಮುಟ್ಟಿದ್ದು ಇಲ್ಲೇ ಗೋವಾದಲ್ಲಿ, ಮಾಲಿಂ ಮೀನುಗಾರಿಕಾ ಜೆಟ್ಟಿಯಲ್ಲಿ. ಟ್ರಾಲರ್ ಬಂದಿತ್ತು. ಸಿಗಡಿ ಒಂದು ಕಡೆ, ಬಂಗುಡೆ ಒಂದು ಕಡೆ, ಬೇಡದ್ದೆಲ್ಲ ಮೂಲೆಯಲ್ಲಿ ಗುಡ್ಡೆ. ಮಲ್ಪೆ ಕಡೆಯ ತಾಂಡೇಲರೊಬ್ಬರು, ಅಂದರೆ ಬೋಟು ನಡೆಸುವವರು, ಗುಡ್ಡೆಯಿಂದ ಒಂದನ್ನು ಎತ್ತಿ, “ಕಚರಾ ಮಾಷ್ಟ್ರೇ, ಬಲೆಯಿಂದ ಬಿಡಿಸುವುದೇ ಒಂದು ಕೆಲಸ” ಅಂದರು. ಗೇಣುದ್ದ ಇತ್ತು. ಬಾಡಿದ ಬದನೆಯ ಹಾಗೆ ಮೆತ್ತಗೆ. ಒತ್ತಿದರೆ ಒಳಗೆ ಹಿಡಿಸೂಡಿ ಕಡ್ಡಿಯಂಥದ್ದು ಬೆರಳಿಗೆ ತಾಗಿತು. ಸಮುದ್ರದ ನೀರಿನ ಬಕೆಟ್ಟಿಗೆ ಹಾಕಿದೆ. ನಾವು ಚಹಾ ಕುಡಿದು ಬರುವಷ್ಟರಲ್ಲಿ ನೀರು ತುಂಬಿಕೊಂಡು ಉಬ್ಬಿತ್ತು. ಅಂಚಿಗೆಲ್ಲ ಹೂ ಅರಳಿದ ಹಾಗೆ ಪುಟ್ಟ ಬಾಯಿಗಳು, ಒಂದೊಂದಕ್ಕೂ ಎಂಟು ಕೈ. ತಾಂಡೇಲರು ಬೀಡಿ ಆರಿಸಿ ಕುಕ್ಕರಗಾಲಲ್ಲಿ ಕೂತರು. “ಇದಕ್ಕೆ ಜೀವ ಉಂಟಾ?”

ಜೀವ ಒಂದಲ್ಲ, ರಾಶಿ ಇದೆ. ಅದೊಂದು ಕೂಡುಕುಟುಂಬ. ಮೊದಲು ಹುಟ್ಟಿದ್ದು ಕಾಂಡವಾಗಿ ಕೆಸರಿಗೆ ಕಾಲೂರುತ್ತದೆ. ಉಳಿದವುಗಳಲ್ಲಿ ಕೆಲವಕ್ಕೆ ಊಟ ಹಿಡಿಯುವ ಕೆಲಸ, ಕೆಲವಕ್ಕೆ ನೀರು ಪಂಪ್ ಮಾಡುವ ಕೆಲಸ. ಸಾಮಾನ್ಯವಾಗಿ ಒಂದು ಮನೆಯಲ್ಲಿ ಎಲ್ಲವೂ ಗಂಡು, ಇಲ್ಲಾ ಎಲ್ಲವೂ ಹೆಣ್ಣು. ಪಕ್ಕಾ ಬ್ಯಾಚುಲರ್ ರೂಮ್, ಪಕ್ಕಾ ಲೇಡೀಸ್ ಹಾಸ್ಟೆಲ್. ಎದ್ದು ಹೋಗಿ ಭೇಟಿ ಆಗುವ ಹಾಗೂ ಇಲ್ಲ. ಮೊಟ್ಟೆ, ವೀರ್ಯ ಎರಡನ್ನೂ ನೀರಿಗೆ ಬಿಡುತ್ತವೆ, ಅವು ಅಲ್ಲೇ ಸೇರಬೇಕು. ಅಂದಮೇಲೆ ನೆರೆಮನೆ ಹತ್ತಿರ ಇರಬೇಕು, ಅಲ್ವಾ? ಹೋದಲ್ಲೆಲ್ಲ ನಾನು ಹೇಳುವುದು ಇದನ್ನೇ, ಮನೆಯವರಿಗೆ ಬಾಯಿಪಾಠ ಆಗಿದೆ: ಟ್ರಾಲ್ ಬಲೆಯನ್ನು ಕಡಲ ತಳದಲ್ಲಿ ಎಳೆದ ಮೇಲೆ ಅಲ್ಲೊಂದು ಇಲ್ಲೊಂದು ಉಳಿದರೆ, ಅದು ಉಳಿದ ಲೆಕ್ಕ ಅಲ್ಲ.

ಬಕೆಟ್ಟಿನದು ತೀರದ ಜಾತಿ. ಆಳದವು ಬೇರೆ. ಅಂಬೆಲ್ಯುಲಾ ಅನ್ನುವುದು 6,000 ಮೀಟರ್ ದಾಟಿದ ಆಳದಲ್ಲೂ ಸಿಕ್ಕಿದೆ. ಆಂತೊಪ್ಟಿಲಮ್ ಎಂಬುದರ ಮೊಟ್ಟೆ 1 ಮಿಲಿಮೀಟರ್‌ಗೂ ಜಾಸ್ತಿ ದಪ್ಪ. ಮರಿಗೆ ಬುತ್ತಿ ಕಟ್ಟಿಯೇ ಕಳಿಸುವುದು, ದಾರಿಯಲ್ಲಿ ಊಟ ಹುಡುಕಬೇಕಿಲ್ಲ. ಆ ಹಿಡಿಸೂಡಿ ಕಡ್ಡಿ ಇದೆಯಲ್ಲ, ಅಡ್ಡ ಕೊಯ್ದರೆ ಮರದ ಹಾಗೆ ಬಳೆಗಳು. ಬೇರಿಂಗ್ ಸಮುದ್ರದ ಒಂದು ಜಾತಿಯಲ್ಲಿ ಎಣಿಸಿದ್ದಾರೆ: ದೊಡ್ಡವಕ್ಕೆ ಸುಮಾರು 44 ವರ್ಷ. ಬಲೆ ಒಂದು ಸಲ ಹಾದರೆ ಮುಗಿಯಿತು. ನೆರೆಮನೆಯ ಮಾತು ಮತ್ತೆ ಬಂತು, ಬೇಜಾರು ಮಾಡಿಕೊಳ್ಳಬೇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೆಳಕು ಸೂಸುವ ವಿಷಯ ಬಿಟ್ಟೆ. ಒಂದೇ ಮಾತು: ಕೆನಡಾದ ಪೂರ್ವ ಕಡಲಲ್ಲಿ ಈ ಗರಿಗಳ ನಡುವೆ ರೆಡ್‌ಫಿಶ್ ಅನ್ನುವ ಮೀನಿನ ಮರಿಗಳು ಸಿಕ್ಕಿವೆ. ಮೀನು ಹಿಡಿಯುವವರಿಗೂ ಬೇಕಾದ ‘ಕಚರಾ’ ಇದು. ಇದನ್ನು ತಾಂಡೇಲರಿಗೆ ಫೋನ್ ಮಾಡಿ ಹೇಳಿದ್ದೆ. “ಹಾಗಾದರೆ ಅಲ್ಲಿ ಬಲೆ ಹಾಕಿದರೆ ಮೀನು ಜಾಸ್ತಿ ಸಿಗ್ತದಾ?” ಅಂದರು.

ಬಾಟಲಿ ಮುಂದಿನ ಸಾಲಿನಿಂದ ಕಳಿಸುತ್ತಿದ್ದೇನೆ, ಒಬ್ಬೊಬ್ಬರಾಗಿ ನೋಡಿ. ಮುಚ್ಚಳ ತೆಗೆಯಬೇಡಿ. ಗೋವಾ ಅಂತ ಹೇಳ್ತಿದ್ದೇನೆ, ಒಳಗಿರುವುದು ಫೆನಿ ಅಲ್ಲ.