ಕಡಲು ಕಾಣದ ಖಲಾಸಿಗಳು

ಕೇಳುಗರೇ, ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮರಳಿನ ಪಕ್ಕ ನಿಂತಿರುವ ಯುದ್ಧನೌಕೆ ನಿಮಗೆಲ್ಲ ಗೊತ್ತು. ಐಎನ್‌ಎಸ್ ಚಪಲ್. ಸಂಜೆ ಅದರ ಪಕ್ಕದಲ್ಲೇ ತಿರುಗಾಡುತ್ತೇವೆ, ಮಕ್ಕಳು ಹಟ ಮಾಡಿದರೆ ಅದರ ಎದುರಿಗೇ ಐಸ್‌ಕ್ರೀಂ ಕೊಡಿಸುತ್ತೇವೆ. ಒಳಗೆ ಮಾತ್ರ ಹೋಗುವುದಿಲ್ಲ. ನಾನೂ ಎಷ್ಟೋ ವರ್ಷ ಹೋಗಿರಲಿಲ್ಲ. ಹೋಗಲೇಬೇಕು ಅನ್ನಿಸಿದ್ದು ಇಲ್ಲಲ್ಲ, ವಿಶಾಖಪಟ್ಟಣದಲ್ಲಿ, ಒಂದು ಸಬ್‌ಮರಿನ್ನಿನ ಹೊಟ್ಟೆಯೊಳಗೆ ನಿಂತಿದ್ದಾಗ.

ನಮ್ಮ ಮಾವ ಬೈತಖೋಲ ಬಂದರಿನಲ್ಲಿ ತಾಂಡೇಲರು. ಘಟ್ಟದ ಮೇಲಿನ ಕೇಳುಗರಿಗಾಗಿ ಹೇಳುತ್ತೇನೆ, ಮೀನಿನ ಬೋಟು ನಡೆಸುವವರಿಗೆ, ಅದರಲ್ಲಿರುವ ಖಲಾಸಿಗಳಿಗೆಲ್ಲ ಹಿರಿಯರಾಗಿರುವವರಿಗೆ ನಾವು ತಾಂಡೇಲ ಅನ್ನುತ್ತೇವೆ. ಜೂನ್ 1ರಿಂದ 61 ದಿನ ಮೀನುಗಾರಿಕೆ ಬಂದ್ ಅಲ್ವಾ, ಆಗ ಮಾವನಿಗೆ ಮನೆಯಲ್ಲಿ ಹೊತ್ತೇ ಹೋಗುವುದಿಲ್ಲ. ಹೋದ ಸಲ ಹಾಗೆ ಕುಳಿತಿದ್ದವರನ್ನು ಹೊರಡಿಸಿಕೊಂಡು ಹುಬ್ಬಳ್ಳಿಗೆ ಹೋಗಿ ರೈಲು ಹತ್ತಿದೆ. ಅವರು ಮೂಡಣದ ಕಡಲು ನೋಡಿರಲಿಲ್ಲ.

ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ 1971ರ ಯುದ್ಧದ ಗೆಲುವಿಗೆ ಕಟ್ಟಿದ ಸ್ಮಾರಕವಿದೆ. ಅದಕ್ಕೆ ಕೈಮುಗಿದು, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದೆವು. ಆ ಯುದ್ಧದಲ್ಲಿ ಪಾಕಿಸ್ತಾನದ ಗಾಜಿ ಸಬ್‌ಮರಿನ್ ಇದೇ ಊರಿನ ಎದುರಿನ ನೀರಿನಲ್ಲಿ, ಡಿಸೆಂಬರ್ 3ರ ಮಧ್ಯರಾತ್ರಿಯ ಹೊತ್ತಿಗೆ, ಒಳಗಿದ್ದ ಎಲ್ಲರ ಜೊತೆ ಮುಳುಗಿತು. ಇವತ್ತಿಗೂ ಅಲ್ಲೇ ತಳದಲ್ಲಿದೆ. ಮಾವನಿಗೆ ಅದನ್ನು ಹೇಳಿದೆ. ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಆ ಕಡೆಯೇ ನೋಡಿ, ತಲೆಗೆ ಸುತ್ತಿದ್ದ ಪಂಚೆ ತೆಗೆದು ಹೆಗಲಿಗೆ ಹಾಕಿಕೊಂಡರು. ಕಡಲಲ್ಲಿ ಹೋದವರು ಯಾರೇ ಆಗಲಿ, ಅವರು ಹಾಗೇ ಮಾಡುವುದು.

ನಾವು ಒಳಹೊಕ್ಕ ಸಬ್‌ಮರಿನ್, ಐಎನ್‌ಎಸ್ ಕುರ್ಸುರಾ, ಇರುವುದೂ ಅದೇ ಬೀಚಿನಲ್ಲಿ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು. 1969ರ ಡಿಸೆಂಬರ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿತು, 2001ರಲ್ಲಿ ನಿವೃತ್ತಿ, ಮರುವರ್ಷ ದಡಕ್ಕೆಳೆದು ಮ್ಯೂಸಿಯಂ ಮಾಡಿದರು. ಈಗ ಬಂಗಾಳ ಕೊಲ್ಲಿಯ ದಡದಲ್ಲಿದ್ದರೂ 1971ರಲ್ಲಿ ಅದು ಗಸ್ತು ತಿರುಗಿದ್ದು ನಮ್ಮ ಅರಬ್ಬೀ ಸಮುದ್ರದಲ್ಲಿ.

ಹೊರಗಿನಿಂದ ನೋಡಿದರೆ ದೊಡ್ಡದೇ, 91 ಮೀಟರ್ ಉದ್ದ. ಒಳಗೆ ಹೋದರೆ ಜಾಗವೇ ಇಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಬೇಕಾದರೆ ದುಂಡನೆಯ ಕಿಂಡಿ, ಮೊದಲು ಕಾಲು ಹಾಕಿ, ಆಮೇಲೆ ಬಗ್ಗಿ ತಲೆ ತೂರಿಸಬೇಕು. ಗೋಡೆ ತುಂಬ ಪೈಪು, ಚಕ್ರ, ಮೀಟರು. ನೀರೊಳಗೇ ಸಾಗಿ ಹಡಗಿಗೆ ಬಡಿಯುವ ಸಿಡಿಗುಂಡು ಟಾರ್ಪಿಡೊ; ಅದನ್ನು ಹಾರಿಸಲು ಮುಂದೆ ಆರು, ಹಿಂದೆ ನಾಲ್ಕು ಕೊಳವೆಗಳು, ಒಟ್ಟು 22 ಟಾರ್ಪಿಡೊ ತುಂಬುವಷ್ಟು ಜಾಗ. ಇದರ ಮಧ್ಯೆ ಸುಮಾರು 75 ಜನ! ನಮ್ಮ ಮಾವನ ಬೋಟಿನಲ್ಲಿ ಎಂಟು ಜನ ಇದ್ದರೇ ರಾತ್ರಿ ಮಗ್ಗುಲು ಬದಲಿಸಲು ಆಗುವುದಿಲ್ಲ. ಇಲ್ಲಿ ಟಾರ್ಪಿಡೊ ಪಕ್ಕದಲ್ಲೇ ಹಾಸಿಗೆ.

ವಿವರ ಹೇಳುತ್ತಿದ್ದವರು ನೌಕಾಪಡೆಯಿಂದ ನಿವೃತ್ತರಾದವರು. ಮಾವ ತಮ್ಮ ಕೊಂಕಣಿ ಬೆರೆತ ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ನೀರೊಳಗೆ ಎಂಜಿನ್ನಿಗೆ ಗಾಳಿ ಎಲ್ಲಿಂದ? ಗಾಳಿಯಿಲ್ಲದೆ ಡೀಸೆಲ್ ಎಂಜಿನ್ ನಡೆಯದು, ಹಾಗಾಗಿ ಮುಳುಗಿದ ಮೇಲೆ ಬ್ಯಾಟರಿಯ ಮೇಲೆ ಓಡಿಸುತ್ತಾರೆ. ಬ್ಯಾಟರಿ ಇಳಿದರೆ ಮೇಲೆ ಬರಬೇಕು, ಇಲ್ಲವೇ ನೀರಿನ ಮಟ್ಟಕ್ಕೆ ಹತ್ತಿರ ಬಂದು ಒಂದು ಕೊಳವೆ ಹೊರಗೆ ಚಾಚಿ, ಗಾಳಿ ಎಳೆದುಕೊಂಡು ಎಂಜಿನ್ ಓಡಿಸಿ ಚಾರ್ಜ್ ಮಾಡಿಕೊಳ್ಳಬೇಕು. ವೈರಿಗೆ ಸುಳಿವು ಸಿಗುವುದು ಆಗಲೇ.

ಎರಡನೇ ಪ್ರಶ್ನೆಗೆ ನಾನೇ ಬೆಚ್ಚಿದೆ. "ಮುಳುಗಿದ ಮೇಲೆ ಹುಡುಗರಿಗೆ ಕಡಲು ಕಾಣ್ತಿರ್ಲಿಲ್ವಾ?"

ಇಲ್ಲವಂತೆ. ಪೆರಿಸ್ಕೋಪಿಗೆ ಕಣ್ಣಿಟ್ಟವರಿಗೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಹಗಲೋ ರಾತ್ರಿಯೋ ಗಡಿಯಾರ ನೋಡಿಯೇ ತಿಳಿಯಬೇಕು. ಮೋಡದ ಬಣ್ಣ ನೋಡಿ ಗಾಳಿಯ ದಿಕ್ಕು ಹೇಳುವ ಮಾವನಿಗೆ ಇದು ನುಂಗಲಾರದ ತುತ್ತಾಯಿತು. "ಕಡಲಿನೊಳಗೇ ಇದ್ದು ಕಡಲು ಕಾಣದೆ ಹೇಗಪ್ಪಾ ಇರೋದು" ಅಂತ ಹೊರಗೆ ಬಂದು ಎಳನೀರು ಕುಡಿಯುವವರೆಗೂ ಹೇಳುತ್ತಲೇ ಇದ್ದರು.

ಊರಿಗೆ ಬಂದ ಮೂರನೇ ದಿನ ಅವರೇ ನನ್ನನ್ನು ಚಪಲ್‌ಗೆ ಎಳೆದುಕೊಂಡು ಹೋದರು.

ಇದು ಚಿಕ್ಕ ಹಡಗು, ಕ್ಷಿಪಣಿ ಹಾರಿಸುವ ದೋಣಿ ಅನ್ನಬಹುದು. 1976ರಿಂದ 2005ರವರೆಗೆ ಕೆಲಸ ಮಾಡಿ, 2006ರಲ್ಲಿ ಮ್ಯೂಸಿಯಂ ಆಯಿತು. ಬೆನ್ನ ಮೇಲೆ ಅಕ್ಕಪಕ್ಕ ಎರಡೆರಡು ಕ್ಷಿಪಣಿ ಪೆಟ್ಟಿಗೆ. ಇದರದ್ದೇ ಜಾತಿಯ, ಇದಕ್ಕಿಂತ ಹಳೆಯ ಮೂರು ದೋಣಿಗಳು, ನಿಪಟ್, ನಿರ್ಘಾಟ್, ವೀರ್, 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದವು. ನೌಕಾಪಡೆ ದಿನ ಡಿಸೆಂಬರ್ 4ಕ್ಕೆ ಬರುವುದು ಅದಕ್ಕೇ. ಪಕ್ಕದಲ್ಲೇ ನಮ್ಮ ಚೆಂಡಿಯಾದವರಾದ ಪರಮವೀರ ಚಕ್ರ ಪಡೆದ ರಾಮಾ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಅವರು ಭೂಸೇನೆಯವರು. ಈಗ ದೊಡ್ಡ ಟುಪೊಲೆವ್ ವಿಮಾನವೂ ಬಂದು ನಿಂತಿದೆ. ಸಬ್‌ಮರಿನ್ ಹುಡುಕುವುದೇ ಅದರ ಕೆಲಸವಾಗಿತ್ತು. ಮಾವ ಅದರ ರೆಕ್ಕೆಯ ಕೆಳಗೆ ನಿಂತು, "ಇಂಥದ್ದು ತಲೆ ಮೇಲೆ ಹಾರಾಡುವಾಗ ಒಳಗಿನವರ ಎದೆ ಹೇಗಾಗ್ತಿತ್ತೋ" ಅಂದರು.

ಆಮೇಲೆ ಚಪಲ್‌ನ ಡೆಕ್ ಮೇಲೆ ಕೂತು ನಾನು ಐಎನ್‌ಎಸ್ ಖುಕ್ರಿಯ ಕಥೆ ಹೇಳಿದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಎದುರು ಪಾಕಿಸ್ತಾನದ ಸಬ್‌ಮರಿನ್ ಅದನ್ನು ಟಾರ್ಪಿಡೊದಿಂದ ಹೊಡೆಯಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮವರನ್ನು ಉಳಿಸಲು ನಿಂತು, ತಾವು ಹಡಗು ಬಿಟ್ಟು ಬರಲಿಲ್ಲ.

"ತಾಂಡೇಲ ಕೊನೆಗೇ ಇಳಿಯೋದು" ಅಂದರು ಮಾವ. ಸ್ವಲ್ಪ ಹೊತ್ತಿನ ಮೇಲೆ, "ಅವರಿಗೆ ಗುಡಿ ಎಲ್ಲಾದ್ರೂ ಇದೆಯಾ?"

ದಿಯುನಲ್ಲಿ ಸ್ಮಾರಕ ಇದೆ, ಗಾಜಿನ ಪೆಟ್ಟಿಗೆಯಲ್ಲಿ ಖುಕ್ರಿಯ ಮಾದರಿ ಇಟ್ಟಿದ್ದಾರೆ ಅಂದೆ. ಮುಂದಿನ ಜೂನ್‌ನಲ್ಲಿ ಬೋಟು ದಡಕ್ಕೆ ಹತ್ತಿದ ಕೂಡಲೇ ಹೊರಡುವುದು ಅಂತ ಮಾವ ಆಗಲೇ ಮನೆಯಲ್ಲಿ ಹೇಳಿಟ್ಟಿದ್ದಾರೆ.

ನಮಸ್ಕಾರ.