ಗ್ರಾಂ ಲೆಕ್ಕ, ದಿನಾಂಕದ ಲೆಕ್ಕ

ನಮಸ್ಕಾರ. ಹಾಸ್ಟೆಲ್ ವಾರ್ಡನ್‌ಗಳು, ಪಿಜಿ ನಡೆಸುವವರು, ತಂದೆತಾಯಂದಿರು ಬಂದಿದ್ದೀರಿ. ಹಾಗಾಗಿ ಪೀಠಿಕೆ ಬಿಟ್ಟು, ಹುಡುಗ ಡ್ರಗ್ಸ್ ಸಮೇತ ಸಿಕ್ಕಿಬಿದ್ದ ರಾತ್ರಿಯಿಂದಲೇ ಶುರುಮಾಡೋಣ. ಠಾಣೆಯಿಂದ ಫೋನ್ ಬಂದಾಗ ಮನೆಯವರು ಮೊದಲು ಕೇಳುವುದು "ಯಾರ ಜೊತೆಗಿದ್ದ?" ಅಂತ. ಕೇಳಬೇಕಾದದ್ದು ಬೇರೆ ಎರಡು: ಮಾಲಿನ ತೂಕ ಎಷ್ಟು? ಆ ದಿನಕ್ಕೆ ಅವನ ವಯಸ್ಸೆಷ್ಟು?

ತೂಕ ನೋಡೋಣ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕದಲ್ಲಿ 1 ಕೆಜಿಗಿಂತ ಕಡಿಮೆ ಗಾಂಜಾ 'ಅಲ್ಪ ಪ್ರಮಾಣ'. ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 20 ಕೆಜಿ ಮೀರಿದರೆ 'ವಾಣಿಜ್ಯ ಪ್ರಮಾಣ'. ಅಲ್ಲಿ ಕನಿಷ್ಠ ಶಿಕ್ಷೆಯೇ 10 ವರ್ಷ, ಜಾಮೀನಿಗೆ ಸೆಕ್ಷನ್ 37ರ ಬಿಗಿ ಷರತ್ತು. ನಡುವಿನದಕ್ಕೆ 10 ವರ್ಷದವರೆಗೆ.

ಮನೆಯವರಿಗೆ ಗಾಂಜಾ ಎಂದರೆ ಗಾಬರಿ, 'ಎರಡೇ ಮಾತ್ರೆ' ಎಂದರೆ ಸಮಾಧಾನ. ಕಾನೂನಿನ ಲೆಕ್ಕ ಉಲ್ಟಾ. ಹುಡುಗರು 'ಎಕ್ಸ್ಟಸಿ' ಎನ್ನುವ ಮಾತ್ರೆಯ ಮಾದಕವಸ್ತು ಎಂಡಿಎಂಎ; ಅದರಲ್ಲಿ ಅಲ್ಪ ಪ್ರಮಾಣದ ಗೆರೆ 0.5 ಗ್ರಾಂ. ನಮ್ಮ ಡೋಲೋ-650 ಮಾತ್ರೆಯಲ್ಲಿರುವ ಔಷಧವೇ 0.65 ಗ್ರಾಂ, ನೋಡಿ. ಸಾಲದ್ದಕ್ಕೆ, ಬೆರಕೆ ಪುಡಿಯ ತೂಕವನ್ನೂ ಸೇರಿಸಿಯೇ ಲೆಕ್ಕ ಹಿಡಿಯಬೇಕೆಂದು 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಮಾತ್ರೆಗೇ ಗೆರೆ ದಾಟಬಹುದು.

ಗಾಂಜಾ ಕೇಸಿನಲ್ಲಿ ಮಹಜರನ್ನು, ಅಂದರೆ ಮಾಲು ವಶಪಡಿಸಿಕೊಂಡಾಗ ಪೊಲೀಸರು ಬರೆಯುವ ದಾಖಲೆಯನ್ನು, ಸಾಲುಸಾಲಾಗಿ ಓದಿ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ, ಕಾಯಿಕಟ್ಟಿದ ತುದಿ. ತುದಿ ಇಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. 'ಕವರ್ ಸಮೇತ 1 ಕೆಜಿ 80 ಗ್ರಾಂ' ಎಂದು ಬರೆದಿದ್ದರೆ ಕವರಿನ ತೂಕ ಕಳೆದಿದ್ದಾರಾ? ಒಳಗೆ ಎಲೆ, ಕಡ್ಡಿ ಎಷ್ಟಿತ್ತು? ಆ 80 ಗ್ರಾಂ ಮೇಲೆ ನಿಂತಿರುವುದು ಒಂದು ವರ್ಷವೋ ಹತ್ತು ವರ್ಷವೋ ಎಂಬ ಪ್ರಶ್ನೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬಂದಮೇಲೆ ನೋಡೋಣ ಎಂದು ಕೂತರೆ ತಡವಾಗುತ್ತದೆ. ಪ್ರಯೋಗಾಲಯಕ್ಕೆ ಹೋಗುವುದು ಮಾದರಿ, ಇಡೀ ಚೀಲವಲ್ಲ.

ಇನ್ನು ವಯಸ್ಸು. ಒಂದೇ ರೂಮಿನ ಇಬ್ಬರು ಸೆಕೆಂಡ್ ಪಿಯು ಹುಡುಗರು, ಒಂದೇ ಪೊಟ್ಟಣ. ಒಬ್ಬನಿಗೆ 17 ವರ್ಷ 11 ತಿಂಗಳು: ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಇನ್ನೊಬ್ಬನಿಗೆ 18 ತುಂಬಿ ಎರಡು ತಿಂಗಳು: ಜಾಮೀನು ಸಿಗದಿದ್ದರೆ ಪರಪ್ಪನ ಅಗ್ರಹಾರದ ಜೈಲು. ಹಾಗಾಗಿ ಆ ರಾತ್ರಿಯೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಒಯ್ಯಿರಿ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94ರಲ್ಲಿ ಮೊದಲ ಸ್ಥಾನ ಶಾಲೆಯ ದಾಖಲೆಗೆ, ಆಮೇಲೆ ಪಾಲಿಕೆಯ ಜನನ ಪ್ರಮಾಣಪತ್ರಕ್ಕೆ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲೇ ಇಲ್ಲ. ವಶಕ್ಕೆ ಕೇಳಿ ಪೊಲೀಸರು ಕೋರ್ಟಿಗೆ ಕೊಡುವ ರಿಮ್ಯಾಂಡ್ ಅರ್ಜಿಯಲ್ಲಿ 'ಸುಮಾರು 19 ವರ್ಷ' ಎಂದು ಒಮ್ಮೆ ಬಿತ್ತೆಂದರೆ ತಿದ್ದಿಸಲು ವಾರಗಳೇ ಹಿಡಿಯಬಹುದು.

18 ತುಂಬದವರ ಜಾಮೀನಿಗೆ ಅದೇ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 12 ಇದೆ. ಬೇರೆ ಕಾನೂನು ಏನೇ ಹೇಳಲಿ, ಮಗುವನ್ನು ಬಿಡುವುದೇ ನಿಯಮ. ತಡೆಯಲು ಕಾರಣ ಬೇಕು. ಹೆಚ್ಚಾಗಿ ಬರುವ ಕಾರಣ 'ಸಹವಾಸ ಸರಿಯಿಲ್ಲ' ಎಂಬುದು. ಹುಡುಗನ ಮನೆ, ಹಿನ್ನೆಲೆ ವಿಚಾರಿಸಿ ಮಂಡಳಿಗೆ ತಿಳಿಸುವ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ವರದಿ ಎರಡು ಸಾಲಿನದಾಗಿದ್ದರೆ ಆ ಮಾತಿಗೆ ಎದುರುತ್ತರವೇ ಇರುವುದಿಲ್ಲ. ಕಾಲೇಜಿನ ಹಾಜರಾತಿ ಪತ್ರ, ಊರಿನಲ್ಲಿ ಯಾರ ಮನೆಯಲ್ಲಿ ಇರುತ್ತಾನೆ ಎಂಬ ವಿವರ, ಚಿಕಿತ್ಸೆಗೆ ಗೊತ್ತುಮಾಡಿದ ದಿನಾಂಕ, ಇಷ್ಟನ್ನು ನೀವೇ ಅವರ ಕೈಗೆ ಕೊಡಿ. ಪೊಟ್ಟಣ ಸಾಗಿಸಲು ಮಗುವನ್ನು ಬಳಸಿದ ದೊಡ್ಡವನಿಗೆ ಸೆಕ್ಷನ್ 78ರಡಿ ಏಳು ವರ್ಷದವರೆಗೆ ಶಿಕ್ಷೆ, ಒಂದು ಲಕ್ಷದವರೆಗೆ ದಂಡ ಇದೆ. ಇದನ್ನು ಬಾಯಿಬಿಟ್ಟು ಕೇಳದಿದ್ದರೆ ಯಾರೂ ಹಾಕುವುದಿಲ್ಲ ಎಂದೇ ಇಟ್ಟುಕೊಳ್ಳಿ.

ವಾಣಿಜ್ಯ ಪ್ರಮಾಣ, ವಯಸ್ಸು 16ರಿಂದ 18 ಆಗಿದ್ದರೆ ಮಾತ್ರ ಮಂಡಳಿ ಪ್ರಾಥಮಿಕ ಅಂದಾಜು ನಡೆಸಿ, ವಯಸ್ಕನಂತೆ ವಿಚಾರಣೆಗೆ ಕಳಿಸಬಹುದು.

18 ದಾಟಿದವರ ಕೇಸಿನಲ್ಲಿ ನನ್ನ ಜಗಳ ಒಂದೇ ಒಂದು ಸಲಹೆಯ ಜೊತೆ: "ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡಿ." ಕೋರ್ಟ್ ಆವರಣದಲ್ಲಿ ಇದಕ್ಕಿಂತ ಅಗ್ಗವಾಗಿ ಕಾಣುವ ದುಬಾರಿ ಮಾತಿಲ್ಲ. ದಂಡದ ಜೊತೆ ಬರುವುದು ಶಿಕ್ಷೆಯ ದಾಖಲೆ. ಪಾಸ್‌ಪೋರ್ಟ್‌ಗೋ ಸರ್ಕಾರಿ ಕೆಲಸಕ್ಕೋ ಪರಿಶೀಲನೆ ನಡೆದಾಗ ಅದು ಎದುರಿಗೆ ಬರುತ್ತದೆ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 24 ಮಗುವಿನ ಅನರ್ಹತೆ ತೊಡೆಯುತ್ತದೆ, 19ರ ಹುಡುಗನಿಗೆ ಆ ರಕ್ಷಣೆ ಇಲ್ಲ. ಪ್ರೊಬೇಷನ್, ಅಂದರೆ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವುದು, ಕೂಡ ಎಲ್ಲರಿಗೂ ಸಿಗದು. ಎನ್‌ಡಿಪಿಎಸ್ ಸೆಕ್ಷನ್ 33ರ ಪ್ರಕಾರ 18 ತುಂಬಿದವನಿಗೆ ಸೇವನೆಯ ಸೆಕ್ಷನ್ 27ರಲ್ಲಿ ಸಿಕ್ಕೀತು, 200 ಗ್ರಾಂ ಗಾಂಜಾ ಇಟ್ಟುಕೊಂಡಿದ್ದಕ್ಕೆ ಸಿಗುವುದಿಲ್ಲ.

ಚಟ ನಿಜವಾಗಿಯೂ ಅಂಟಿಕೊಂಡಿದ್ದರೆ ಇರುವ ದಾರಿ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 64ಎ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿದ್ದು, ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಪ್ರಾಸಿಕ್ಯೂಷನ್‌ನಿಂದ, ಅಂದರೆ ಕೇಸು ನಡೆಸುವುದರಿಂದ, ವಿನಾಯಿತಿ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಎಡವುವುದು ಎರಡು ಕಡೆ. ಗಲ್ಲಿಯಲ್ಲಿ ಬೋರ್ಡ್ ಹಾಕಿಕೊಂಡ ಮಾನ್ಯತೆ ಇಲ್ಲದ ಕೇಂದ್ರಕ್ಕೆ ಸೇರಿಸಿದರೆ ಆ ಸರ್ಟಿಫಿಕೇಟ್ ಕೆಲಸಕ್ಕೆ ಬಾರದು. ಇನ್ನೊಂದು, ವಾರ್ಡಿನಿಂದ ಬಿಡುಗಡೆಯಾದ ದಿನವೇ ಚಿಕಿತ್ಸೆ ಮುಗಿಯಿತು ಎಂದುಕೊಳ್ಳುವುದು. ಚಿಕಿತ್ಸೆ ಪೂರ್ತಿಯಾಗದಿದ್ದರೆ ವಿನಾಯಿತಿ ಹಿಂಪಡೆಯಲು ಅದೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಮುಂದಿನ ವಾಯಿದೆಯ ಚೀಟಿ ಇಡುವ ಕವರಿನಲ್ಲೇ ಒಪಿಡಿ ಪುಸ್ತಕವನ್ನೂ ಇಡಿ. ಪ್ರತಿ ಭೇಟಿಗೂ ಅದರಲ್ಲಿ ವೈದ್ಯರ ಸಹಿ, ತಾರೀಖು ಬಿದ್ದಿರಲಿ.